ಒಳ್ಳೆಯ ಗೆಡ್ಡೆ, ಒಳ್ಳೆಯ ಹೂವು



ಯುರೋಪಿನಲ್ಲಿ ಹಿಮ ಕರಗುತ್ತಲೇ ಅರಳುವ ಪುಟ್ಟ ಹೂವು ಕ್ರೋಕಸ್. ಕಾಶ್ಮೀರದ ಕೇಸರಿಯೂ ಇದೇ ಕುಲದ್ದು. ವಸಂತದ ಕ್ರೋಕಸ್ ಗೆಡ್ಡೆಗೆ ಹಲವು ವಾರಗಳ ಕೊರೆಯುವ ಚಳಿ ಬೇಕು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಬಯಲಿನಲ್ಲಿ ಆ ಚಳಿ ಎಲ್ಲಿಂದ ಬರಬೇಕು? ನಮಗೆ ಒಗ್ಗುವ ಗೆಡ್ಡೆಹೂವು ಸುಗಂಧರಾಜ. ಇದರ ತವರು ಮೆಕ್ಸಿಕೋ.

ಗೆಡ್ಡೆ ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿರಬೇಕು, ಮೆತ್ತಗಿದ್ದರೆ, ಬೂಷ್ಟು ಹಿಡಿದಿದ್ದರೆ ಬೇಡ. ಸುಮಾರು 2ರಿಂದ 3 ಸೆಂಟಿಮೀಟರ್ ದಪ್ಪದ್ದು ಉತ್ತಮ. ಅಗೆದ ಮೇಲೆ ಒಂದು ತಿಂಗಳು ನೆರಳಿನಲ್ಲಿ ವಿಶ್ರಾಂತಿ ಪಡೆದಿರಲಿ. ಅಗ್ಗವೆಂದು ರೋಗದ ಗೆಡ್ಡೆ ತಂದರೆ ಬೇರುಗಂಟು ಜಂತುಹುಳು ಮಣ್ಣಿಗಿಳಿದು, ಮುಂದೆ ಅಲ್ಲಿ ಹಾಕುವ ಟೊಮೇಟೊ, ಬದನೆಗೂ ಅಂಟುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಶೃಂಗಾರ್' ತಳಿ ಈ ಹುಳುವನ್ನು ತಾಳಿಕೊಳ್ಳಬಲ್ಲದು.

ನೀರು ಬಸಿಯುವ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೇಣುದ್ದದ ಅಂತರದಲ್ಲಿ ನೆಡಿ. ಸುಮಾರು ಮೂರು ತಿಂಗಳಿಗೆ ಹೂಗೊಂಚಲು ಕಾಣುತ್ತದೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕಾಡಂಚಿನ ಪೊದೆಗಳಲ್ಲಿ ಅಗ್ನಿಶಿಖೆ ಅರಳಿರುತ್ತದೆ. ಅದರ ಅಂದಕ್ಕೆ ಮರುಳಾಗಿ ಗೆಡ್ಡೆ ಕೀಳಬೇಡಿ. ಅದರಲ್ಲಿರುವ ಕಾಲ್ಚಿಸಿನ್ ಪ್ರಾಣ ತೆಗೆಯುವ ವಿಷ. ಗೆಣಸೆಂದು ತಿಂದು ಸತ್ತವರಿದ್ದಾರೆ. ಬಿಳಿಗಿರಿರಂಗನಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ಅಲ್ಲಿ ಗಿಡ ಕೀಳುವುದು ಕಾನೂನಿಗೂ ವಿರುದ್ಧ.

ಕಾಡಿನ ಹೂವನ್ನು ಕಾಡಿನಲ್ಲೇ ನೋಡೋಣ. ಮನೆಯ ಸುಗಂಧರಾಜ ವರ್ಷಕ್ಕೆ ಹಲವು ಮರಿಗೆಡ್ಡೆ ಕೊಡುತ್ತದೆ. ಅವನ್ನು ಗೆಳೆಯರಿಗೆ ಹಂಚಿ.