ಫಿಲ್ಟರ್ ದೀಪ ಹತ್ತಿದಾಗ ಟೀಗೆ ನಿಲ್ಲಿಸಬೇಡಿ

ನಂಜನಗೂಡಿಂದ ಟಿ. ನರಸೀಪುರಕ್ಕೆ ಡೀಸೆಲ್ ಗಾಡಿಯಲ್ಲಿ ಓಡಾಡೋನು ನಾನು. ದಾರಿಯಲ್ಲಿ ಫಿಲ್ಟರ್ ದೀಪ ಹತ್ತಿದರೆ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡದೇ ಟೀ ಕುಡೀತಿದ್ದೆ. ಅದೇ ದೊಡ್ಡ ತಪ್ಪು. ಯಾಕೆ ಅಂತ ಹೇಳ್ತೀನಿ.

2020ರ ಏಪ್ರಿಲ್ 1ಕ್ಕೆ ಬಿಎಸ್-6 ನಿಯಮ ಬಂತು. ಅಲ್ಲಿಂದೀಚೆಗಿನ ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಜೇನುಗೂಡಿನಂಥ ಪಿಂಗಾಣಿ, ಒಳಗೆ ಒಂದೆರಡು ಮಿಲಿಮೀಟರ್ ಅಗಲದ ಸಾವಿರಾರು ಕಿಂಡಿಗಳು. ಮಸಿ ತುಂಬಿದಾಗ ಗಾಡಿ ಅದನ್ನ ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಹಾಕುತ್ತೆ.

ಆದರೆ ಗಾಡಿಯ ಸೆನ್ಸರ್‌ಗಳು ಇರೋದು ಫಿಲ್ಟರ್ ಹೊರಗಿನ ಪೈಪಿನಲ್ಲಿ. ಪಾತ್ರೆ ಮುಟ್ಟಿ ಕೆಂಡದ ಬಿಸಿ ಊಹಿಸಿದ ಹಾಗೆ. ಒಳಗಿನ ಬಿಸಿ ತಿಳಿಯೋಕೆ ಪ್ರಯೋಗಾಲಯಗಳಲ್ಲಿ ಎಂಜಿನಿಯರ್‌ಗಳು ಆ ಕಿಂಡಿಗಳಿಗೆ ಆಪ್ಟಿಕಲ್ ಫೈಬರ್ ಇಳಿಸ್ತಾರೆ. ಗಾಜಿನ ಎಳೆ, ದಪ್ಪ 0.125 ಮಿಲಿಮೀಟರ್, ಹೊಗೆಗೆ ಅಡ್ಡ ಬರಲ್ಲ. ಎಳೆಯ ಉದ್ದಕ್ಕೂ ಅಲ್ಲಲ್ಲಿ ಸೂಕ್ಷ್ಮ ಗೆರೆಗಳ ಗುಂಪು ಬರೆದಿರ್ತಾರೆ. ಬೆಳಕು ಬಿಟ್ಟರೆ ಒಂದೊಂದು ಗುಂಪೂ ಒಂದೊಂದು ತರಂಗಾಂತರವನ್ನ ಮಾತ್ರ ವಾಪಸ್ ಕಳಿಸುತ್ತೆ. ಬಿಸಿ ಏರಿದರೆ ಆ ತರಂಗಾಂತರ ಚೂರು ಜರುಗುತ್ತೆ. ಎಷ್ಟು ಜರುಗಿತು ಅಂತ ನೋಡಿದರೆ ಎಲ್ಲಿ ಎಷ್ಟು ಬಿಸಿ ಅನ್ನೋದು ಸಿಗುತ್ತೆ. ಮಾಮೂಲಿ ಗೆರೆಗಳು ಈ ಶಾಖಕ್ಕೆ ಅಳಿಸಿ ಹೋಗುತ್ತವೆ, ಅದಕ್ಕೇ ವಿಶೇಷವಾಗಿ ಕಾಯಿಸಿ ಗಟ್ಟಿ ಮಾಡಿದ ಗೆರೆಗಳು ಬೇಕು.

ಹೀಗೆ ಒಳಗೆ ಅಳೆದಾಗ ಕಾಣೋದೇನು? ಮಸಿ ಉರೀತಿರುವಾಗ ಗಾಡಿ ಐಡಲ್‌ಗೆ ಬಂದರೆ ಬಿಸಿ ಹೊತ್ತೊಯ್ಯೋ ಹೊಗೆಯ ಹರಿವು ಕಡಿಮೆಯಾಗುತ್ತೆ, ಅದರಲ್ಲಿ ಆಮ್ಲಜನಕ ಮಾತ್ರ ಹೆಚ್ಚುತ್ತೆ. ಕುಲುಮೆಗೆ ತಿದಿ ಒತ್ತಿದ ಹಾಗೆ! ಮಸಿ ಜಾಸ್ತಿ ಇದ್ದರೆ ಒಳಗೆ 1000 ಡಿಗ್ರಿ ದಾಟಬಹುದು. ಪಿಂಗಾಣಿ ಬಿರುಕು ಬಿಡುತ್ತೆ, ಕರಗಲೂಬಹುದು. ಎಷ್ಟು ಮಸಿ ಸೇರಿದಾಗ ಸುಟ್ಟರೆ ಅಪಾಯವಿಲ್ಲ ಅನ್ನೋ ಮಿತಿಯನ್ನ ಇಂಥ ಅಳತೆಗಳಿಂದಲೇ ಗೊತ್ತು ಮಾಡ್ತಾರೆ.

ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಸುಗ್ಗಿಯಲ್ಲಿ ರಸ್ತೆ ಮೇಲೇ ಹುರುಳಿ ಹಾಸಿ ಒಕ್ಕಣೆ ಮಾಡ್ತೀವಿ. ಕಾದ ಫಿಲ್ಟರ್ ಕೆಳಗೆ ಒಣಹುಲ್ಲು ಸಿಕ್ಕಿಕೊಂಡರೆ ಗಾಡಿಗೇ ಬೆಂಕಿ.

ಅದಕ್ಕೇ ನಾನೀಗ ದೀಪ ಹತ್ತಿದರೆ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸ್ತೀನಿ. ಆಮೇಲೂ ಆರದಿದ್ದರೆ ಸೀದಾ ಸರ್ವಿಸ್. ನಿಮ್ಮ ಗಾಡಿಯ ಪುಸ್ತಕ ತೆಗೆದು ಆ ಪುಟ ಒಮ್ಮೆ ಓದಿ. ಟೀ ನರಸೀಪುರದಲ್ಲೇ ಕುಡಿಯೋಣ.