ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ? ಗೇಲಿಕ್ ಫುಟ್‌ಬಾಲ್‌ನ ರೆಡ್ ಕಾರ್ಡ್ ಮೇಲ್ಮನವಿಗಳ ಕಥೆ

ಬಸ್ಸಲ್ಲಿ, ಮೆಟ್ರೋದಲ್ಲಿ, ಜಿಮ್‌ನಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ಲರಿಗೂ ಒಂದು ಪ್ರಶ್ನೆ. ಒಂದೇ ತಪ್ಪಿಗೆ ಒಬ್ಬ ಆಟಗಾರ ಫೈನಲ್ ಕಳ್ಕೊಳ್ತಾನೆ, ಇನ್ನೊಬ್ಬ ಮೇಲ್ಮನವಿ ಹಾಕಿ ಮೈದಾನಕ್ಕೆ ಬರ್ತಾನೆ. ಇದು ನ್ಯಾಯನಾ?

ಈ ಪ್ರಶ್ನೆ ಹುಡುಕ್ಕೊಂಡು ಇವತ್ತು ನಾನು ನಿಮ್ಮನ್ನ ಕರ್ಕೊಂಡು ಹೋಗ್ತಿರೋದು ಐರ್ಲೆಂಡ್‌ಗೆ. ಆಟದ ಹೆಸರು ಗೇಲಿಕ್ ಫುಟ್‌ಬಾಲ್. ನೋಡದೇ ಇರೋರಿಗೆ ಅರ್ಧ ನಿಮಿಷದ ಪರಿಚಯ. ಒಂದು ತಂಡಕ್ಕೆ 15 ಜನ. ಚೆಂಡು ದುಂಡಗಿರುತ್ತೆ, ಕೈಯಲ್ಲೂ ಹಿಡೀಬಹುದು, ಕಾಲಲ್ಲೂ ಒದೀಬಹುದು. ಗೋಲ್ ಕಂಬ ಇಂಗ್ಲಿಷ್‌ನ ಎಚ್ ಅಕ್ಷರದ ಥರ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದ್ರೆ ಗೋಲು, 3 ಅಂಕ. ಮೇಲಿಂದ ಹಾರಿಸಿದ್ರೆ 1 ಅಂಕ. 2025ರಿಂದ ದೂರದ ಕಮಾನು ಗೆರೆಯ ಹೊರಗಿಂದ ಹಾರಿಸಿದ್ರೆ 2 ಅಂಕ.

ಈ ಆಟವನ್ನ ನಡೆಸೋ ಸಂಸ್ಥೆ ಜಿಎಎ, ಅಂದ್ರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಹುಟ್ಟಿದ್ದು 1884ರಲ್ಲಿ. ಮುಖ್ಯ ಕ್ರೀಡಾಂಗಣ ಡಬ್ಲಿನ್‌ನ ಕ್ರೋಕ್ ಪಾರ್ಕ್, 82,000ಕ್ಕೂ ಹೆಚ್ಚು ಜನ ಹಿಡಿಯುತ್ತೆ. ಆದ್ರೆ ಅಲ್ಲಿ ಆಡೋರಿಗೆ ಸಂಬಳ ಇಲ್ಲ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಟೀಚರ್, ಎಂಜಿನಿಯರ್, ಪೊಲೀಸ್, ರೈತ, ವಿದ್ಯಾರ್ಥಿ, ಇವರೇ ಅಲ್ಲಿನ ಸ್ಟಾರ್‌ಗಳು. ಸಾಮಾನ್ಯವಾಗಿ ತಮ್ಮ ಸ್ವಂತ ಕೌಂಟಿಗೇ ಆಡ್ತಾರೆ. ಐಪಿಎಲ್ ಥರ ಹರಾಜು ಇಲ್ಲ, ಈ ವರ್ಷ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಇನ್ನೊಂದು ಫ್ರಾಂಚೈಸಿ ಅನ್ನೋ ಹಾಗೂ ಇಲ್ಲ.

ಹಾಗಾಗಿ ಒಂದು ಪಂದ್ಯದ ನಿಷೇಧ ಅಂದ್ರೆ ಅಲ್ಲಿ ಸಣ್ಣ ಮಾತಲ್ಲ. ದುಡ್ಡು ಬರದ ಆಟದಲ್ಲಿ ಸಿಗೋ ಕೂಲಿ ಅಂದ್ರೆ ಆ ಒಂದು ದಿನ ಮಾತ್ರ. ಅದನ್ನೇ ಕಿತ್ಕೊಳ್ಳೋದಾದ್ರೆ, ಯಾವ ನಿಯಮದ ಮೇಲೆ, ಯಾರು, ಹೇಗೆ ಕಿತ್ಕೊಂಡ್ರು ಅನ್ನೋದು ಸ್ಪಷ್ಟವಾಗಿರಬೇಕು ಅಲ್ವಾ?

ಮೊದಲು ವ್ಯವಸ್ಥೆ ಹೇಗಿದೆ ಅಂತ ನೋಡೋಣ. ಇದನ್ನ ನಾಲ್ಕು ಬಾಗಿಲು ಅಂತ ನೆನಪಿಟ್ಕೊಳ್ಳಿ.

ಮೊದಲ ಬಾಗಿಲು ಸಿಸಿಸಿಸಿ. ಕೇಂದ್ರ ಸ್ಪರ್ಧಾ ನಿಯಂತ್ರಣ ಸಮಿತಿ. ರೆಫರಿ ಬರೆದುಕೊಟ್ಟ ವರದಿ ನೋಡಿ ಇಷ್ಟು ಶಿಕ್ಷೆ ಅಂತ ಪ್ರಸ್ತಾಪ ಮಾಡೋದು ಇದು. ಗಮನಿಸಿ, ಇದು ಪ್ರಸ್ತಾಪ ಅಷ್ಟೇ. ಆಟಗಾರ ಒಪ್ಕೋಬಹುದು, ಇಲ್ಲಾ ವಿಚಾರಣೆ ಬೇಕು ಅನ್ನಬಹುದು. ವಿಚಾರಣೆ ಕೇಳಿದ್ರೆ ಎರಡನೇ ಬಾಗಿಲು ಸಿಎಚ್‌ಸಿ, ಅಂದ್ರೆ ಕೇಂದ್ರ ವಿಚಾರಣಾ ಸಮಿತಿ. ತಪ್ಪು ನಡೀತೋ ಇಲ್ವೋ ಅಂತ ಸಾಕ್ಷಿ ನೋಡಿ ಹೇಳೋದು ಇಲ್ಲೇ. ಅಲ್ಲೂ ಸೋತ್ರೆ ಮೂರನೇದು ಸಿಎಸಿ, ಮೇಲ್ಮನವಿ ಸಮಿತಿ. ಕೊನೇದು ಡಿಆರ್‌ಎ, ವಿವಾದ ಇತ್ಯರ್ಥ ಪ್ರಾಧಿಕಾರ. ಇದು ಜಿಎಎ ಸಮಿತಿಗಳಿಂದ ಸ್ವತಂತ್ರವಾದ ಮಧ್ಯಸ್ಥಿಕೆ ವ್ಯವಸ್ಥೆ, ಶುರುವಾಗಿದ್ದು 2005ರಲ್ಲಿ. ಅದಕ್ಕೂ ಮುಂಚೆ ಆಟಗಾರರು ತಡೆಯಾಜ್ಞೆ ಕೇಳ್ಕೊಂಡು ನೇರ ಹೈಕೋರ್ಟ್ ಮೆಟ್ಟಿಲು ಹತ್ತೋ ಪರಿಸ್ಥಿತಿ ಇತ್ತು. ಅದನ್ನ ತಪ್ಪಿಸೋಕೆ ಬಂದದ್ದೇ ಡಿಆರ್‌ಎ.

ಈಗ ಒಂದು ಮುಖ್ಯ ವಿಷಯ. ರೆಫರಿ ವರದಿಯಲ್ಲಿ ಬರೆದಿದ್ದು ಸರಿ ಅಂತಾನೇ ವಿಚಾರಣೆ ಶುರುವಾಗುತ್ತೆ. ಅದನ್ನ ಸುಳ್ಳು ಮಾಡಬೇಕು ಅಂದ್ರೆ ಎಡಿಟ್ ಮಾಡದ ವಿಡಿಯೋ ಬೇಕು, ಅಥವಾ ಅಷ್ಟೇ ಗಟ್ಟಿಯಾದ ಬೇರೆ ಸಾಕ್ಷಿ ಬೇಕು. ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಿ ಅಂಪೈರ್ಸ್ ಕಾಲ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಭಾವನೆ. ಅನುಮಾನ ಇದ್ರೆ ಮೈದಾನದಲ್ಲಿ ನಿಂತಿದ್ದವನ ಮಾತಿಗೆ ತೂಕ. ಕೊನೆಯ ಎರಡು ಬಾಗಿಲಲ್ಲಿ ಇಡೀ ಪಂದ್ಯವನ್ನ ಮತ್ತೆ ನೋಡೋದಿಲ್ಲ. ಕೆಳಗಿನ ಸಮಿತಿ ನಿಯಮ ಮೀರಿತಾ, ಆಟಗಾರನಿಗೆ ತನ್ನ ಮಾತು ಹೇಳೋಕೆ ಸರಿಯಾದ ಅವಕಾಶ ಸಿಕ್ತಾ, ಮುಖ್ಯವಾಗಿ ಅಷ್ಟೇ ನೋಡೋದು.

ಕಾಗದದ ಮೇಲೆ ಇದು ತುಂಬಾ ಚೆನ್ನಾಗಿದೆ. ನಮ್ಮಲ್ಲಿ ಎಷ್ಟೋ ಕ್ರೀಡಾ ಸಂಸ್ಥೆಗಳಲ್ಲಿ ಇಷ್ಟೂ ಇಲ್ಲ. ಹಾಗಾದ್ರೆ ಜಗಳ ಎಲ್ಲಿಂದ ಬಂತು? ಮೂರು ಕಥೆ ಹೇಳ್ತೀನಿ.

ಮೊದಲನೇದು ಲೀ ಕೀಗನ್ ಮತ್ತು ಡಿಯರ್ಮಿಡ್ ಕಾನೊಲಿ ಅವರದ್ದು. 2014ರಲ್ಲಿ ಆಲ್ ಐರ್ಲೆಂಡ್ ಸೆಮಿಫೈನಲ್. ಮೇಯೋ ಮತ್ತು ಕೆರಿ ಪಂದ್ಯ ಡ್ರಾ ಆಯ್ತು. ಮೇಯೋದ ಕೀಗನ್‌ಗೆ ರೆಡ್ ಕಾರ್ಡ್. ವಿಚಾರಣಾ ಸಮಿತಿ ಮುಂದೆ ಹೋದ್ರು, ಕಾರ್ಡ್ ರದ್ದಾಯ್ತು, ಮರುಪಂದ್ಯ ಆಡಿದ್ರು. ಒಂದು ವರ್ಷ ಕಳೀತು. 2015ರ ಆಗಸ್ಟ್ 30, ಮತ್ತೆ ಸೆಮಿಫೈನಲ್, ಈ ಸಲ ಡಬ್ಲಿನ್ ಮತ್ತು ಮೇಯೋ. ಅದೂ ಡ್ರಾ. ಡಬ್ಲಿನ್‌ನ ಕಾನೊಲಿಗೆ ರೆಡ್ ಕಾರ್ಡ್, ಹೊಡೆದದ್ದು ಯಾರಿಗೆ ಅಂತೀರಾ? ಅದೇ ಕೀಗನ್‌ಗೆ.

ಮರುಪಂದ್ಯ ಸೆಪ್ಟೆಂಬರ್ 5ಕ್ಕೆ. ನಡುವೆ ಸಿಕ್ಕಿದ್ದು ಒಂದೇ ವಾರ. ಆ ವಾರದಲ್ಲಿ ಕಾನೊಲಿ ವಿಚಾರಣಾ ಸಮಿತಿ ಮುಂದೆ ಸೋತ್ರು. ಮೇಲ್ಮನವಿ ಸಮಿತಿ ಮುಂದೆ ಸೋತ್ರು. ಕೊನೆಗೆ ಡಿಆರ್‌ಎ ಮುಂದೆ ಹೋದ್ರು. ಮಧ್ಯರಾತ್ರಿ ದಾಟಿ ಪಂದ್ಯದ ದಿನವೇ ಶುರುವಾದ ಮೇಲೆ ತೀರ್ಪು ಬಂತು. ಮೂವರಲ್ಲಿ ಇಬ್ಬರು ಕಾನೊಲಿ ಪರ, ಒಬ್ಬರು ವಿರುದ್ಧ. ಕಾರಣ, ಅವರ ವಿಚಾರಣೆಯಲ್ಲಿ ನ್ಯಾಯಯುತ ಕ್ರಮ ಪಾಲನೆ ಆಗಿಲ್ಲ ಅನ್ನೋದು. ಅದೇ ದಿನ ಕಾನೊಲಿ ಮೈದಾನಕ್ಕಿಳಿದ್ರು. ಡಬ್ಲಿನ್ 7 ಅಂಕಗಳಿಂದ ಗೆದ್ದು, ಮುಂದೆ ಫೈನಲ್‌ನಲ್ಲಿ ಕೆರಿಯನ್ನೂ ಸೋಲಿಸಿ ಕಪ್ ಎತ್ತಿತು.

ಇಲ್ಲಿ ಜನ ಗೊಂದಲ ಮಾಡ್ಕೊಳ್ಳೋದು ಎಲ್ಲಿ ಅಂದ್ರೆ, ಇಬ್ಬರೂ ಬಿಡುಗಡೆ ಆದ್ರು ನಿಜ, ಆದ್ರೆ ಬೇರೆ ಬೇರೆ ಬಾಗಿಲಿಂದ. ಕೀಗನ್ ಹೊರಬಂದಿದ್ದು ಘಟನೆಯನ್ನೇ ತೂಗಿ ನೋಡೋ ಬಾಗಿಲಿಂದ. ಕಾನೊಲಿ ಹೊರಬಂದಿದ್ದು ನಿಮ್ಮ ವಿಚಾರಣೆಯ ವಿಧಾನ ಸರಿ ಇರ್ಲಿಲ್ಲ ಅನ್ನೋ ಬಾಗಿಲಿಂದ. ಕಾನೊಲಿ ಹೊಡೆದ್ರೋ ಇಲ್ವೋ ಅನ್ನೋದು ಕೊನೆಯ ಬಾಗಿಲ ಪ್ರಶ್ನೆಯೇ ಅಲ್ಲ. ಆದ್ರೆ ಬೆಳಗ್ಗೆ ಎದ್ದು ಮೊಬೈಲ್ ನೋಡೋ ಮೇಯೋ ಅಭಿಮಾನಿಗೆ ಕಾಣೋದು ಒಂದೇ ಸಾಲು: ಹೊಡೆದವನು ಆಡ್ತಾನೆ. ಅವರಿಗೆ ಬೇಜಾರಾಗಿದ್ದು ಸಹಜ.

ನನಗೆ ಅನ್ಸೋದು, ಡಿಆರ್‌ಎ ಮಾಡಿದ ಕೆಲಸ ತಪ್ಪಲ್ಲ. ಕ್ರಮ ಸರಿಯಿಲ್ಲ ಅಂತ ಕಂಡ ಮೇಲೆ ಇರ್ಲಿ ಬಿಡಿ ಅನ್ನೋದಾದ್ರೆ ಅಂಥ ಸಂಸ್ಥೆ ಇದ್ದೂ ಪ್ರಯೋಜನ ಇಲ್ಲ. ತಪ್ಪಿರೋದು ಗಡಿಯಾರದಲ್ಲಿ. ಒಂದು ವಾರದಲ್ಲಿ ಮೂರು ವಿಚಾರಣೆ ತುರುಕಿ, ಮಧ್ಯರಾತ್ರಿ ತೀರ್ಪು ಕೊಡೋದಾದ್ರೆ, ಸರಿಯಾದ ತೀರ್ಪೂ ಕಳ್ಳಬಾಗಿಲ ಥರ ಕಾಣುತ್ತೆ.

ಎರಡನೇ ಕಥೆಯೂ ಕಾನೊಲಿದೇ. 2017ರ ಜೂನ್. ಕಾರ್ಲೋ ವಿರುದ್ಧದ ಪಂದ್ಯದಲ್ಲಿ ಲೈನ್ಸ್‌ಮನ್ ಮೇಲೆ ಕೈ ಇಟ್ಟು ತಳ್ಳಿದ ಹಾಗೆ ಮಾಡಿದ್ರು. ಅಂಪೈರಿಂಗ್ ಸಿಬ್ಬಂದಿಗೆ ಕೈ ತಾಗಿಸಿದ್ದಕ್ಕೆ 12 ವಾರ ನಿಷೇಧ. ಈ ಸಲ ಅವರು ಮೇಲ್ಮನವಿ ಹಾಕ್ಲಿಲ್ಲ, ಒಪ್ಕೊಂಡ್ರು. ಟಿವಿ ಚರ್ಚೆಗಳಲ್ಲಿ ಅವರನ್ನ ನಡೆಸ್ಕೊಂಡ ರೀತಿ ಬಗ್ಗೆ ಆಗಿನ ಡಬ್ಲಿನ್ ಮ್ಯಾನೇಜರ್ ಜಿಮ್ ಗ್ಯಾವಿನ್ ಬಹಿರಂಗವಾಗಿ ಸಿಟ್ಟಾದ್ರು. ಕಾನೊಲಿ ವಾಪಸ್ ಬಂದಿದ್ದು ಆಗಸ್ಟ್ ಕೊನೆಗೆ.

ರೆಫರಿ, ಲೈನ್ಸ್‌ಮನ್ ಮೈ ಮುಟ್ಟಬಾರದು, ಅದರಲ್ಲಿ ಎರಡು ಮಾತಿಲ್ಲ. ಅವರೂ ಸಂಬಳ ಇಲ್ಲದೆ ಬರೋ ಜನ. ಆದ್ರೆ ಶಿಕ್ಷೆಯನ್ನ ವಾರದ ಲೆಕ್ಕದಲ್ಲಿ ಕೊಟ್ರೆ ಏನಾಗುತ್ತೆ ನೋಡಿ. ಜೂನ್‌ನಲ್ಲಿ 12 ವಾರ ಅಂದ್ರೆ ಬೇಸಿಗೆಯ ಇಡೀ ಚಾಂಪಿಯನ್‌ಷಿಪ್ ಹೋದಂಗೆ. ಅದೇ 12 ವಾರ ಪಂದ್ಯವೇ ಇಲ್ಲದ ತಿಂಗಳಲ್ಲಿ ಬಿದ್ರೆ, ಮನೆಯಲ್ಲಿ ಕೂತು ಕಳೆದ್ರೂ ಆಯ್ತು. ಅಂಕಿ ಒಂದೇ, ಶಿಕ್ಷೆ ಒಂದೇ ಅಲ್ಲ. ಹೊಡೆದದ್ದಕ್ಕೆ ಸಿಗೋ ಸಾಮಾನ್ಯ ರೆಡ್ ಕಾರ್ಡ್‌ಗೆ ಪಂದ್ಯದ ಲೆಕ್ಕ ಇದೆ. ಇದಕ್ಕೆ ಮಾತ್ರ ಕ್ಯಾಲೆಂಡರ್ ಲೆಕ್ಕ ಯಾಕೆ?

ಮೂರನೇ ಕಥೆ ಕೋವಿಡ್ ಕಾಲದ್ದು. 2021ರಲ್ಲಿ ಒಟ್ಟಾಗಿ ಅಭ್ಯಾಸ ಮಾಡೋದಕ್ಕೆ ನಿರ್ಬಂಧ ಇತ್ತು. ಕಾರ್ಕ್ ತಂಡ ಬೀಚ್‌ನಲ್ಲಿ ಸೇರಿದ್ದು ಸುದ್ದಿಯಾಯ್ತು. ಡೌನ್ ತಂಡದ ಅಭ್ಯಾಸವೂ ಸಿಕ್ಕಿಬಿತ್ತು. ಎರಡೂ ತಂಡದ ಮ್ಯಾನೇಜರ್‌ಗಳಿಗೆ 12 ವಾರ. ಇಬ್ಬರೂ ಪ್ರಶ್ನೆ ಮಾಡಿದ್ರು. ಡೌನ್‌ನ ಪ್ಯಾಡಿ ಟ್ಯಾಲಿ ಅವರ ಶಿಕ್ಷೆ 8 ವಾರಕ್ಕೆ ಇಳೀತು. ಕಾರ್ಕ್‌ನ ರೋನನ್ ಮೆಕಾರ್ಥಿ ಡಿಆರ್‌ಎ ತನಕ ಹೋದ್ರೂ 12 ವಾರ ಹಾಗೇ ಉಳೀತು. ಆಮೇಲೆ ಡಬ್ಲಿನ್ ಮತ್ತು ಮೊನಾಹನ್ ತಂಡಗಳೂ ಸಿಕ್ಕಿಬಿದ್ವು, ಅವರ ಮ್ಯಾನೇಜರ್‌ಗಳಿಗೂ 12 ವಾರ.

ಎರಡು ಘಟನೆ ಪೂರ್ತಿ ಒಂದೇ ಅಲ್ಲ, ಹಾಗಾಗಿ ವ್ಯತ್ಯಾಸ ಇದ್ದಿದ್ದೇ ಅನ್ಯಾಯ ಅಂತ ನಾನು ಹೇಳಲ್ಲ. ಆದ್ರೆ ಒಬ್ಬರಿಗೆ 8, ಇನ್ನೊಬ್ಬರಿಗೆ 12 ಅಂದಾಗ, ಆ 4 ವಾರ ಎಲ್ಲಿಂದ ಬಂತು ಅಂತ ಸಾಮಾನ್ಯ ಅಭಿಮಾನಿಗೆ ಗೊತ್ತಾಗಬೇಕು. ಕಾರಣ ಗೊತ್ತಾಗದೆ ಹೋದ್ರೆ ಜನ ತಾವೇ ಒಂದು ಕಾರಣ ಹುಡುಕ್ಕೊಳ್ತಾರೆ. ದೊಡ್ಡ ಕೌಂಟಿ, ಸಣ್ಣ ಕೌಂಟಿ, ಒಳ್ಳೇ ಲಾಯರ್, ಪರಿಚಯ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನೋ ಮಾತು ಹುಟ್ಟೋದೇ ಹೀಗೆ.

ಇಷ್ಟಕ್ಕೇ ಮುಗಿದಿಲ್ಲ. 2023ರ ಜನವರಿಯಲ್ಲಿ ಕ್ಲಬ್ ಫೈನಲ್. ಡಬ್ಲಿನ್‌ನ ಕಿಲ್ಮಕಡ್ ಕ್ರೋಕ್ಸ್, ಡೆರಿಯ ಗ್ಲೆನ್. ಕೊನೆಯ ಕ್ಷಣದಲ್ಲಿ ಕಿಲ್ಮಕಡ್ ಕಡೆ ಮೈದಾನದಲ್ಲಿ 15ಕ್ಕಿಂತ ಹೆಚ್ಚು ಜನ ಇದ್ರು. ಬದಲಿ ಆಟಗಾರ ಒಳಗೆ ಬಂದಾಯ್ತು, ಹೊರಗೆ ಹೋಗಬೇಕಾದವರು ಹೋಗಿರಲಿಲ್ಲ. ಕಿಲ್ಮಕಡ್ 2 ಅಂಕಗಳಿಂದ ಗೆದ್ದಿತು. ಗ್ಲೆನ್ ಆಕ್ಷೇಪ ಸಲ್ಲಿಸಿದ ಮೇಲೆ ಮರುಪಂದ್ಯಕ್ಕೆ ಆದೇಶ ಬಂತು. ಕಿಲ್ಮಕಡ್ ಮೇಲ್ಮನವಿ ಹಾಕ್ತು. ಕೊನೆಗೆ ಗ್ಲೆನ್‌ನವರು ನಮಗೆ ಈ ಜಗಳ ಸಾಕು ಅಂತ ಹಿಂದೆ ಸರಿದ್ರು, ಕಪ್ ಕಿಲ್ಮಕಡ್ ಬಳಿಯೇ ಉಳೀತು. ಮುಂದಿನ ವರ್ಷ ಗ್ಲೆನ್ ಕ್ಲಬ್ ಚಾಂಪಿಯನ್ ಆಯ್ತು, ಅದು ಬೇರೆ ಮಾತು. ನಿಯಮ ಮುರಿದದ್ದು ಎಲ್ಲರಿಗೂ ಟಿವಿಯಲ್ಲಿ ಕಾಣ್ತಿದ್ರೂ, ದೂರು ಕೊಡೋ ಭಾರ ಸೋತವರ ತಲೆ ಮೇಲೆ ಬಿತ್ತು. ದೂರು ಕೊಟ್ರೆ ಸೋಲು ಒಪ್ಕೊಳ್ಳದವರು ಅನ್ನೋ ಹೆಸರು, ಕೊಡದಿದ್ರೆ ನ್ಯಾಯ ಇಲ್ಲ.

ಈಗ ಇನ್ನೊಂದು ಪಕ್ಷದ ಮಾತೂ ಕೇಳಬೇಕು. ಅಲ್ಲಿ ಅನೇಕರು ಹೇಳೋದು, ಮೇಲ್ಮನವಿ ಅನ್ನೋದೇ ಅತಿಯಾಯ್ತು. ರೆಡ್ ಕಾರ್ಡ್ ಬಿದ್ದ ತಕ್ಷಣ ಕೌಂಟಿಯವರು ಹಾಕಿ ನೋಡೋಣ ಅಂತಾರೆ, ಅಲ್ಪವಿರಾಮ ತಪ್ಪಿದ್ರೂ ಬಿಡುಗಡೆ ಸಿಗುತ್ತೆ, ರೆಫರಿ ಎಲ್ಲರ ಮುಂದೆ ನಗೆಪಾಟಲಾಗ್ತಾನೆ. ಸಮಿತಿಯಲ್ಲಿ ಕೂರೋ ಬಹಳಷ್ಟು ಜನ ಸ್ವಯಂಸೇವಕರು, ಅವರಿಂದ ಸುಪ್ರೀಂ ಕೋರ್ಟ್ ಮಟ್ಟ ನಿರೀಕ್ಷೆ ಮಾಡ್ಬೇಡಿ ಅಂತಾನೂ ಹೇಳ್ತಾರೆ. ಈ ಮಾತಲ್ಲಿ ಹುರುಳಿದೆ. ಆದ್ರೆ ಉತ್ತರ ಬಾಗಿಲು ಮುಚ್ಚೋದಲ್ಲ. ಮೇಲ್ಮನವಿ ಇಲ್ಲ ಅಂದ್ರೆ ಜನ ಮತ್ತೆ ಹೈಕೋರ್ಟ್‌ಗೇ ಹೋಗ್ತಾರೆ. ಅಲ್ಲಿಗೆ ಹೋಗೋಕೆ ದುಡ್ಡಿರೋರು ಯಾರು, ಇಲ್ಲದೋರು ಯಾರು, ಹೇಳಬೇಕಿಲ್ಲ.

ನನ್ನ ಪ್ರಕಾರ ನಾಲ್ಕು ಬದಲಾವಣೆ ಸಾಕು. ಒಂದು, ಡಿಆರ್‌ಎ ತನ್ನ ತೀರ್ಪುಗಳನ್ನ ಕಾರಣ ಸಮೇತ ಪ್ರಕಟ ಮಾಡುತ್ತೆ, ಅದೇ ಪದ್ಧತಿ ವಿಚಾರಣಾ ಸಮಿತಿಗೂ ಬರಲಿ. ತಪ್ಪು ಸಾಬೀತಾಗಿಲ್ಲ ಅನ್ನೋ ಒಂದು ಸಾಲು ಬೇಡ, ಒಂದು ಪುಟ ಕೊಡಿ. ಆಗ ಮುಂದಿನ ಆಟಗಾರನಿಗೂ, ಮುಂದಿನ ಸಮಿತಿಗೂ ಒಂದು ಅಳತೆಗೋಲು ಸಿಗುತ್ತೆ. ಎರಡು, ಆಟಕ್ಕೆ ಸಂಬಂಧಿಸಿದ ಶಿಕ್ಷೆ ಪಂದ್ಯದ ಲೆಕ್ಕದಲ್ಲಿರಲಿ. ಮೂರು, ಮರುಪಂದ್ಯ ಹತ್ತಿರ ಇದ್ರೆ ಪ್ರತಿ ಹಂತಕ್ಕೂ ಮೊದಲೇ ಗಂಟೆ ನಿಗದಿ ಮಾಡಿ, ಹಿಂದಿನ ರಾತ್ರಿಗೆ ಬಿಡಬೇಡಿ. ನಾಲ್ಕು, ಕಣ್ಣಿಗೆ ಕಾಣೋ ನಿಯಮಭಂಗಕ್ಕೆ ಸೋತವರ ದೂರಿಗಾಗಿ ಕಾಯಬೇಡಿ.

ಇನ್ನೊಂದು ಅಂಶಕ್ಕೆ ಸುಲಭದ ಪರಿಹಾರ ಇಲ್ಲ. ಕ್ರೋಕ್ ಪಾರ್ಕ್‌ನಲ್ಲಿ ಕಾರ್ಡ್ ಬಿದ್ದವನಿಗೆ ಹತ್ತಾರು ಕ್ಯಾಮೆರಾ ಕೋನ ಇವೆ. ಯಾವುದೋ ಹಳ್ಳಿಯ ಕ್ಲಬ್ ಪಂದ್ಯದಲ್ಲಿ ಅದೇ ಕಾರ್ಡ್ ಬಿದ್ದವನಿಗೆ ಒಂದೂ ಇಲ್ಲ. ವಿಡಿಯೋ ಇದ್ದವನು ರೆಫರಿ ವರದಿಯನ್ನ ಪ್ರಶ್ನೆ ಮಾಡಬಹುದು, ಇಲ್ಲದವನು ತಲೆ ತಗ್ಗಿಸಿ ಒಪ್ಕೋಬೇಕು. ನಿಯಮ ಇಬ್ಬರಿಗೂ ಒಂದೇ, ಅವಕಾಶ ಒಂದೇ ಅಲ್ಲ. ನ್ಯಾಯದ ಬಗ್ಗೆ ಮಾತಾಡುವಾಗ ನಾವು ಸ್ಟಾರ್‌ಗಳ ಹೆಸರೇ ಹೇಳ್ತೀವಿ, ಆದ್ರೆ ಈ ಹೆಸರಿಲ್ಲದ ಹುಡುಗನ ಕೇಸೇ ನಿಜವಾದ ಪರೀಕ್ಷೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ನಿಮ್ಮ ಫೋನ್‌ಗೆ ಬಂದಾಗ, ಅದು ಗೇಲಿಕ್ ಫುಟ್‌ಬಾಲ್ ಆಗ್ಲಿ, ಕ್ರಿಕೆಟ್ ಆಗ್ಲಿ, ಶೇರ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಯಾವ ಬಾಗಿಲಿಂದ ಬಿಡುಗಡೆ ಆಯ್ತು? ತಪ್ಪೇ ನಡೆದಿಲ್ಲ ಅಂತಾನಾ, ವಿಚಾರಣೆ ಸರಿ ಇರ್ಲಿಲ್ಲ ಅಂತಾನಾ? ಕಾರಣ ಬರೆದುಕೊಟ್ಟಿದ್ದಾರಾ? ಮೂರನೇ ಪ್ರಶ್ನೆಗೆ ಇಲ್ಲ ಅನ್ನೋ ಉತ್ತರ ಬಂದ್ರೆ, ಸಿಟ್ಟು ಬರಬೇಕಾದ್ದು ಆಟಗಾರನ ಮೇಲಲ್ಲ.

ಇವತ್ತಿಗೆ ಇಷ್ಟು. ನಿಮಗೇನನ್ಸುತ್ತೆ, ಶಿಕ್ಷೆ ವಾರದ ಲೆಕ್ಕದಲ್ಲಿರಬೇಕಾ, ಪಂದ್ಯದ ಲೆಕ್ಕದಲ್ಲಾ? ನಿಮ್ಮ ಉತ್ತರ ಕಳಿಸಿ. ಮುಂದಿನ ಕಂತಲ್ಲಿ ಸಿಗೋಣ, ನಮಸ್ಕಾರ.