ಕೈಗೆಂದೇ ಒಬ್ಬ ಸರ್ಜನ್

(ನಿಟ್ಟೂರಿನಲ್ಲಿ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಡಾಕ್ಟರಾಗುತ್ತೇನೆ ಎನ್ನುವ ಮಕ್ಕಳನ್ನು ಯಾವ ಡಾಕ್ಟರು ಎಂದು ಕೇಳಿದರೆ ಹೃದಯದ ಡಾಕ್ಟರು, ಮಕ್ಕಳ ಡಾಕ್ಟರು ಎನ್ನುತ್ತಾರೆ. ಕೈಗೆಂದೇ ಸರ್ಜನ್ ಇರುತ್ತಾರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು, ಗ್ಯಾರೇಜಿನವರು, ಟೈಲರುಗಳು, ಮರಗೆಲಸದವರು ಇರುವ ಸೀಮೆ ನಮ್ಮದು. ನಮ್ಮ ಅನ್ನ ಕೈಯಿಂದಲೇ ಬರುತ್ತದೆ.

ಒಮ್ಮೆ ಬೆರಳು ಮಡಚಿ ನೋಡಿ. ಮಡಚುವ ಸ್ನಾಯು ಬೆರಳಿನಲ್ಲಿಲ್ಲ, ಮುಂಗೈಯಲ್ಲಿದೆ. ಅಲ್ಲಿಂದ ಹಗ್ಗದಂತಹ ಸ್ನಾಯುರಜ್ಜು ಬಂದು ಬೆರಳನ್ನು ಎಳೆಯುತ್ತದೆ. ಕತ್ತಿ ತಾಗಿ ಆ ರಜ್ಜು ತುಂಡಾದಾಗ ಚರ್ಮ ಮಾತ್ರ ಹೊಲಿದರೆ ಗಾಯವೇನೋ ಮಾಯುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ಒಂದು ಕೈಯ 27 ಮೂಳೆ, ರಜ್ಜು, ನರ, ರಕ್ತನಾಳ ಎಲ್ಲವನ್ನೂ ಒಟ್ಟಿಗೆ ನೋಡುವವರು ಕೈ ಸರ್ಜನ್. ಕೂದಲಿಗಿಂತ ಸಪೂರ ದಾರದಿಂದ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ರಕ್ತನಾಳ ಹೊಲಿಯಬೇಕು. ಗಂಟೆಗಟ್ಟಲೆ ಕೂರುವ ಕೆಲಸ. ಆಮೇಲೆ ವಾರಗಟ್ಟಲೆ ವ್ಯಾಯಾಮ ಮಾಡಿಸದಿದ್ದರೆ ಹೊಲಿದ ರಜ್ಜು ಅಲ್ಲೇ ಅಂಟಿಕೊಳ್ಳುತ್ತದೆ.

ಇಂತಹ ಸಭೆಗಳಲ್ಲಿ ನಾವು ಅಂದಲೂಸಿನ ಅಲ್-ಝಹ್ರಾವಿಯ ಹೆಸರು ಹೇಳುತ್ತೇವೆ. ಸಾವಿರ ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಚಿತ್ರ ಬರೆದಿಟ್ಟವರು ಅವರು. ಹೆಮ್ಮೆಪಡೋಣ. ಆದರೆ ನಮಗೆ ಹತ್ತಿರದ ಇನ್ನೊಬ್ಬರ ಕಥೆ ಹೇಳುತ್ತೇನೆ.

ಡಾ. ಪಾಲ್ ಬ್ರಾಂಡ್ 1914ರಲ್ಲಿ ಈಗಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದರು. ತಂದೆತಾಯಿ ಕ್ರೈಸ್ತ ಮಿಷನರಿಗಳು. ವೈದ್ಯಕೀಯ ಓದುವ ಮೊದಲು ಅವರು ಕಲಿತದ್ದು ಮನೆ ಕಟ್ಟುವ ಕೆಲಸ, ಮರಗೆಲಸ! 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಬೆರಳು ಮುರುಟಿದ ರೋಗಿಯೊಬ್ಬರು ಅವರ ಕೈ ಹಿಡಿದರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಹಾಗಾದರೆ ಸ್ನಾಯುಗಳೆಲ್ಲ ಸತ್ತಿಲ್ಲ ಎಂದು ಅವರಿಗೆ ಹೊಳೆಯಿತು. ಬಲವಿರುವ ಸ್ನಾಯುವಿನ ರಜ್ಜನ್ನು ತಂದು ಬಲವಿಲ್ಲದ ಬೆರಳಿಗೆ ಜೋಡಿಸಿದರು. ಮುರುಟಿದ ಕೈ ಬಿಚ್ಚಿಕೊಂಡಿತು.

ಮುಂದಿನ ಮಾತು ಗಮನಿಸಿ. ಕೈ ಸರಿಹೋದವರು ಊರಿಗೆ ಹೋದರೆ ಯಾರೂ ಕೆಲಸ ಕೊಡಲಿಲ್ಲ. ಸರಿಯಾದ ಕೈಗೆ ಭಿಕ್ಷೆಯೂ ಹುಟ್ಟಲಿಲ್ಲ. ಈ ಕೈ ಕಟ್ಟಿಕೊಂಡು ಏನು ಮಾಡಲಿ ಎಂದು ಅವರು ಮರಳಿ ಬಂದರು. ಆಗ ಬ್ರಾಂಡ್ ವೆಲ್ಲೂರಿನಲ್ಲೇ ಒಂದು ನೆಲೆ ಕಟ್ಟಿ ಅವರಿಗೆ ಮರಗೆಲಸ ಕಲಿಸಿದರು. ತಾವು ಹಿಂದೆ ಕಲಿತ ಕಸುಬು ಉಪಯೋಗಕ್ಕೆ ಬಂತು. ಅವರು ತೀರಿಕೊಂಡದ್ದು 2003ರಲ್ಲಿ. ಬಡಗಿಯ ಮಗನಿಗೆ ಡಾಕ್ಟರಿಕೆ ಏಕೆ ಎನ್ನುವವರು ಇದನ್ನು ಕೇಳಿಸಿಕೊಳ್ಳಬೇಕು. ಮಗಳನ್ನು ಪಿಯುಸಿಗೆ ನಿಲ್ಲಿಸುವವರೂ ಅಷ್ಟೆ. ಸಪೂರ ದಾರ ಹಿಡಿಯಲು ತೋಳಿನ ಬಲ ಬೇಕಾಗಿಲ್ಲ.

ದಾರಿ ಉದ್ದವಿದೆ, ಸುಳ್ಳು ಹೇಳುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ, ನೀಟ್ ಪರೀಕ್ಷೆ, ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಮೂಳೆ ಅಥವಾ ಜನರಲ್ ಸರ್ಜರಿಯಲ್ಲಿ ಎಂಎಸ್ ಮೂರು ವರ್ಷ. ಆಮೇಲೆ ಕೈ ಶಸ್ತ್ರಚಿಕಿತ್ಸೆಯ ಎಂಸಿಎಚ್ ಇನ್ನೂ ಮೂರು ವರ್ಷ, ಇಲ್ಲವೆ ಫೆಲೋಶಿಪ್. ಮೂವತ್ತು ವಯಸ್ಸು ತುಂಬುತ್ತದೆ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಮೀಸಲಾತಿ ಇದೆ. ಶಾಲಾ ದಾಖಲೆಗಳನ್ನು ಜೋಪಾನವಾಗಿಡಿ.

ತಾಯಂದಿರಿಗೆ ಒಂದು ಮಾತು. ಬೆರಳು ತುಂಡಾದರೆ ಅರಿಶಿನ, ಕಾಫಿಪುಡಿ ಹಾಕಬೇಡಿ. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು. ಗಾಯಕ್ಕೆ ಬಟ್ಟೆ ಒತ್ತಿ, ಕೈ ಎತ್ತಿ ಹಿಡಿದು ಹೊರಡಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಕೈಗೆಂದೇ ವಿಭಾಗವಿದೆ. ಕೊಲ್ಲೂರು ಘಾಟಿ ಇಳಿಯುವ ಮೊದಲು ಫೋನ್ ಮಾಡಿ ತಿಳಿಸಿ. ಕೆಲವೇ ಗಂಟೆಗಳ ಅವಕಾಶ ಇರುವುದು.